ವೆಂಬ್ಲಿಯ ಟಿ. ರೆಕ್ಸ್ ಜಾಹೀರಾತು ಅಸಲಿಯಾ? ಮೊದಲು ಹಾಳೆ ತಿರುಗಿಸಿ ನೋಡಿ

ನೀವು ಕೇಳಿರುವುದು ಇಷ್ಟು: ಟಿ. ರೆಕ್ಸ್ ಬ್ಯಾಂಡ್ 1972ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಕೊಟ್ಟ ಶೋನ ಜಾಹೀರಾತು, ಹಳೇ ಮ್ಯಾಗಝೀನಿನ ಒಂದು ಬಿಡಿ ಹಾಳೆ, ಆನ್‌ಲೈನಲ್ಲಿ ಮಾರಾಟಕ್ಕಿದೆ. ಅದು ಅಸಲಿಯಾ, ತಗೊಂಡು ಫ್ರೇಮ್ ಹಾಕಿಸಬಹುದಾ ಅಂತ.

ನಾನು ಬೆಂಗಳೂರಿನಲ್ಲಿ ಆಫ್‌ಸೆಟ್ ಪ್ರೆಸ್ಸಿನಲ್ಲಿ ಇದ್ದವನು, ಆಮೇಲೆ ಎಂಟು ವರ್ಷ ಲಂಡನ್ನಿನಲ್ಲಿ. ಅಲ್ಲಿ ಭಾನುವಾರದ ಹಳೇ ಸಾಮಾನಿನ ಸಂತೆಗೆ ಹೋಗಿ ಹೋಗಿ ಇಂಥ ಹಾಳೆಗಳ ಹುಚ್ಚು ಹತ್ತಿತು. ಒಮ್ಮೆ ಸರಿಯಾಗಿ ಟೋಪಿ ಹಾಕಿಸಿಕೊಂಡೂ ಇದ್ದೇನೆ. ಅದರಿಂದ ಕಲಿತದ್ದು ಒಂದೇ. ಮುಖ ನೋಡಬೇಡಿ. ಬ್ಯಾಂಡಿನ ಗಾಯಕ ಮಾರ್ಕ್ ಬೋಲನ್‌ನ ಗುಂಗುರು ಕೂದಲನ್ನು ಯಾರು ಬೇಕಾದರೂ ಚೆನ್ನಾಗಿ ಪ್ರಿಂಟ್ ಹಾಕಬಹುದು. ಕೆಳಗಿರುವ ಸಣ್ಣ ಅಕ್ಷರ ಓದಿ, ಆಮೇಲೆ ಹಾಳೆ ತಿರುಗಿಸಿ.

ಸಣ್ಣ ಅಕ್ಷರದಲ್ಲಿ ಮೊದಲು ಹಾಲ್‌ನ ಹೆಸರು. ಆ ಶೋ ನಡೆದದ್ದು 1972ರ ಮಾರ್ಚ್ 18ರಂದು, ಒಂದೇ ದಿನ ಎರಡು ಶೋ. ಬೀಟಲ್ಸ್‌ನ ರಿಂಗೋ ಸ್ಟಾರ್ ಕ್ಯಾಮೆರಾ ಇಟ್ಟು ಅದನ್ನು ಚಿತ್ರೀಕರಿಸಿದ್ದೂ ಅವತ್ತೇ. ಆಗ ಆ ಜಾಗಕ್ಕೆ ವೆಂಬ್ಲಿ ಅರೀನಾ ಅಂತ ಹೆಸರೇ ಇರಲಿಲ್ಲ, ಎಂಪೈರ್ ಪೂಲ್ ಅಂತಿದ್ದರು. 1934ರ ಎಂಪೈರ್ ಕ್ರೀಡಾಕೂಟದ (ಈಗಿನ ಕಾಮನ್‌ವೆಲ್ತ್ ಗೇಮ್ಸ್) ಈಜಿಗಾಗಿ ಕಟ್ಟಿದ್ದು, ನಿಜವಾಗಿಯೂ ಒಳಗೆ ಈಜುಕೊಳ ಇತ್ತು, 1948ರ ಒಲಿಂಪಿಕ್ಸ್ ಆದಮೇಲೆ ಅಲ್ಲಿ ಯಾರೂ ಈಜಲಿಲ್ಲ, ಆದರೂ ಇನ್ನೂ ಮೂವತ್ತು ವರ್ಷ ಹೆಸರು ಹಾಗೇ ಉಳಿಯಿತು, ಆಮೇಲೆ ಬಂದ ರಾಕ್ ಬ್ಯಾಂಡ್‌ಗಳೂ 'ಪೂಲ್'ನಲ್ಲೇ ಗಿಟಾರ್ ಬಾರಿಸಿದವು! ಅರೀನಾ ಅನ್ನೋ ಹೆಸರು ಬಂದದ್ದು 1978ರಲ್ಲಿ. ಹಾಗಾಗಿ 1972ರ ಜಾಹೀರಾತಿನಲ್ಲಿ 'ವೆಂಬ್ಲಿ ಅರೀನಾ' ಅಂತ ಇದ್ದರೆ ಮುಂದೆ ನೋಡುವ ಕೆಲಸವೇ ಇಲ್ಲ. ನನಗೆ ಟೋಪಿ ಬಿದ್ದದ್ದು ಹೀಗೇ.

ಆಮೇಲೆ ವಾರ. ಮಾರ್ಚ್ 18 ಶನಿವಾರ. ನಕಲಿ ಮಾಡುವವರು ತಾರೀಕು ಸರಿ ಹಾಕುತ್ತಾರೆ, ವಾರದಲ್ಲಿ ಎಡವುತ್ತಾರೆ. ಆಗಿನ ಬೇರೆ ಶೋಗಳ ಹಾಳೆಗೂ ಇದೇ ಲೆಕ್ಕ: ಗಾಯಕ ಡೇವಿಡ್ ಬೋವಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಹಾಲಿನಲ್ಲಿ ಕೊಟ್ಟ ಶೋ 1973ರ ಮೇ 12, ಅದೂ ಶನಿವಾರ. ಅದೇ ಜಾಗದಲ್ಲಿ ಸ್ಲೇಡ್ ಬ್ಯಾಂಡಿನದು ಅದೇ ವರ್ಷ ಜುಲೈ 1, ಭಾನುವಾರ. ಟಿಕೆಟ್ ದರ ಹೊಸ ಪೆನ್ಸ್‌ನಲ್ಲಿರಬೇಕು, ಯಾಕೆಂದರೆ ಬ್ರಿಟನ್ 1971ರ ಫೆಬ್ರವರಿಯಲ್ಲೇ ಶಿಲಿಂಗ್ ಲೆಕ್ಕ ಬಿಟ್ಟಿತ್ತು. ಫೋನ್ ನಂಬರ್ ಇದ್ದರೆ ಲಂಡನ್ನಿನ ಕೋಡ್ 01. ಅಲ್ಲಿ 071, 081 ಬಂದದ್ದು 1990ರಲ್ಲಿ. ಹಾಂ, ಸ್ಲೇಡ್ ವಿಷಯದಲ್ಲಿ ಒಂದು ಎಚ್ಚರಿಕೆ. ಸ್ಪೆಲ್ಲಿಂಗ್ ತಪ್ಪಿದೆ ಅಂತ ನಕಲಿ ಅನ್ನಬೇಡಿ, ಅವರು ಎಷ್ಟೋ ಹಾಡಿನ ಹೆಸರನ್ನು ತಮ್ಮೂರಿನ ಕಡೆ ಮಾತಾಡುವ ಹಾಗೇ ಬರೆಯುತ್ತಿದ್ದರು, ಬೇಕಂತಲೇ.

ಈಗ ಕಾಗದ. ಇಂಥ ಶೋ ಜಾಹೀರಾತುಗಳು ಜಾಸ್ತಿ ಬರುತ್ತಿದ್ದದ್ದು ಎನ್‌ಎಂಇ, ಮೆಲೋಡಿ ಮೇಕರ್, ಸೌಂಡ್ಸ್ ಥರದ ಬ್ರಿಟನ್ನಿನ ಸಂಗೀತದ ವಾರಪತ್ರಿಕೆಗಳಲ್ಲಿ. ಹೆಸರಿಗೆ ಮ್ಯಾಗಝೀನು, ಕೈಗೆ ತಗೊಂಡರೆ ದಿನಪತ್ರಿಕೆಯ ನ್ಯೂಸ್‌ಪ್ರಿಂಟು. ಕಣ್ಣ ಕೆಳಗೆ ಮಿನುಗು ಹಚ್ಚಿಕೊಂಡು, ಸ್ಯಾಟಿನ್ ತೊಟ್ಟು ಕುಣಿಯುತ್ತಿದ್ದವರ ಜಾಹೀರಾತು ಹೆಚ್ಚಾಗಿ ಕಪ್ಪು ಬಿಳುಪಿನಲ್ಲಿ, ಬೋಂಡಾ ಕಟ್ಟುವಂಥ ಪೇಪರಿನಲ್ಲಿ. ನನಗೆ ಇಷ್ಟವಾಗುವುದೇ ಅದು, ಬಿಡಿ. ಆದ್ದರಿಂದ ಎನ್‌ಎಂಇ ಹಾಳೆ ಅಂತ ಹೇಳಿ ಬೆಳ್ಳಗೆ ಹೊಳೆಯುವ ಆರ್ಟ್ ಪೇಪರ್ ತೋರಿಸಿದರೆ ಅನುಮಾನ ಪಡಿ. ಐವತ್ತು ವರ್ಷದ ನ್ಯೂಸ್‌ಪ್ರಿಂಟ್ ಹಳದಿ, ಕಂದು ತಿರುಗಿರುತ್ತದೆ, ಅಂಚಿನಲ್ಲಿ ಜಾಸ್ತಿ. ಚಹಾ ಬಳಿದು ಬಣ್ಣ ಬರಿಸಿದರೆ ಕಲೆ ಮಚ್ಚೆ ಮಚ್ಚೆಯಾಗಿ ಕಾಣುತ್ತದೆ. ನೋಟು ಪರೀಕ್ಷೆ ಮಾಡುವ ಯುವಿ ಲೈಟ್ ಸಿಕ್ಕರೆ ಹಿಡಿದು ನೋಡಿ: ಈಗಿನ ಬಿಳಿ ಪ್ರಿಂಟರ್ ಪೇಪರ್ ನೀಲಿಯಾಗಿ ಹೊಳೆಯುತ್ತದೆ, ಹಳೇ ನ್ಯೂಸ್‌ಪ್ರಿಂಟ್ ಮಂಕಾಗೇ ಇರುತ್ತದೆ.

ಭೂತಗನ್ನಡಿ ಇದ್ದರೆ ಫೋಟೋದ ಮೇಲೆ ಇಡಿ. ಆಗಿನ ಅಚ್ಚಿನಲ್ಲಿ ಚುಕ್ಕಿಗಳು ಸಾಲಾಗಿ, ದಪ್ಪದಪ್ಪವಾಗಿ ಇರುತ್ತವೆ, ನ್ಯೂಸ್‌ಪ್ರಿಂಟಿಗೆ ಸಣ್ಣ ಚುಕ್ಕಿ ಹಾಕಿದರೆ ಇಂಕು ಹರಡಿ ಎಲ್ಲಾ ಕಪ್ಪಾಗುತ್ತದೆ ಅಂತ. ಇಂಕ್‌ಜೆಟ್‌ನಲ್ಲಿ ತೆಗೆದಿದ್ದರೆ ಹೆಚ್ಚಾಗಿ ಸಾಲು ಸ್ಪಷ್ಟವಾಗಿರುವುದಿಲ್ಲ, ಬಣ್ಣ ಚಿಮುಕಿಸಿದ ಹಾಗೆ. ಅಕ್ಷರ ಒಂದೆರಡು ಸ್ವಲ್ಪ ಸೊಟ್ಟಗಿದ್ದರೆ ಖುಷಿಪಡಿ, ಕೈಯಲ್ಲಿ ಕತ್ತರಿಸಿ ಗೋಂದು ಹಚ್ಚಿ ಪೇಸ್ಟಪ್ ಮಾಡುತ್ತಿದ್ದ ಕಾಲ ಅದು, ನಾನೂ ಎಷ್ಟೋ ಸಾಲು ಸೊಟ್ಟ ಅಂಟಿಸಿದ್ದೇನೆ.

ಹಿಂಬದಿ ಖಾಲಿ ಇದ್ದರೆ ಅದು ಪತ್ರಿಕೆಯ ಹಾಳೆಯೇ ಅಲ್ಲ. ಅಲ್ಲಿ ಓದುಗರ ಪತ್ರವೋ, ಹಾಡುಗಳ ಚಾರ್ಟೋ, ಪ್ಯಾಂಟಿನ ಜಾಹೀರಾತೋ ಇರಬೇಕು. ಆ ಕಡೆಯ ಶಾಯಿ ಈ ಕಡೆಗೆ ಸ್ವಲ್ಪ ಕಾಣಲೂ ಬೇಕು. ಮಾರುವವರು ಹಿಂಬದಿಯ ಫೋಟೋ ಕಳಿಸೋದಿಲ್ಲ ಅಂದರೆ ಅಲ್ಲಿಗೆ ಬಿಟ್ಟುಬಿಡಿ.

ಬೆಲೆ ಬಗ್ಗೆ: ಈ ಪತ್ರಿಕೆಗಳು ವಾರವಾರವೂ ಬಹಳ ಪ್ರತಿ ಹೋಗುತ್ತಿದ್ದವು, ಹಾಳೆ ಅಪರೂಪವೇನಲ್ಲ. ನಾನು ಕೆಲವೇ ಪೌಂಡ್‌ಗೆ ಕೊಂಡವನು. ಗೋಡೆ ಪೋಸ್ಟರ್ ಮತ್ತು ಟಿಕೆಟ್‌ನ ಲೆಕ್ಕ ಬೇರೆ. ಪೋಸ್ಟರ್ ಬೆಲೆ ಹೇಳಿ ಹಾಳೆ ಮಾರುತ್ತಿದ್ದರೆ ಚೌಕಾಸಿ ಮಾಡಿ.

ಫ್ರೇಮ್ ಧಾರಾಳವಾಗಿ ಹಾಕಿಸಿ. ಆದರೆ ದಯವಿಟ್ಟು ಲ್ಯಾಮಿನೇಷನ್ ಬೇಡ! ನಮ್ಮಲ್ಲಿ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸುವ ಚಟ, ಒಮ್ಮೆ ಮಾಡಿಸಿದರೆ ಬಿಡಿಸಲು ಬರುವುದಿಲ್ಲ. ಸೆಲ್ಲೋ ಟೇಪೂ ಬೇಡ. ಹಿಂದೆ ಆಸಿಡ್ ಇಲ್ಲದ ಬೋರ್ಡ್ ಕೊಡಿಸಿ, ಗಾಜು ಕಾಗದಕ್ಕೆ ತಾಗದ ಹಾಗೆ ಸುತ್ತ ದಪ್ಪ ರಟ್ಟಿನ ಅಂಚು (ಮೌಂಟ್) ಹಾಕಿಸಿ, ಬಿಸಿಲು ಬೀಳದ ಗೋಡೆಗೆ ನೇತುಹಾಕಿ. ಮಳೆಗಾಲದಲ್ಲಿ ತೇವ ಬರುವ ಗೋಡೆಯಂತೂ ಬೇಡವೇ ಬೇಡ.

ನನ್ನ ಹತ್ತಿರ ಇರುವ ಟಿ. ರೆಕ್ಸ್ ಹಾಳೆಯಲ್ಲಿ ಬೋಲನ್‌ನ ಹೊಟ್ಟೆಯ ಹತ್ತಿರ ಚೌಕಾಕಾರದ ತೂತು ಇದೆ. ಮುಂದಿನಿಂದ ನೋಡಿದರೆ ಇಲಿ ತಿಂದಿದೆ ಅನ್ನಿಸುತ್ತದೆ. ತಿರುಗಿಸಿದರೆ ಗೊತ್ತಾಗುತ್ತದೆ: ಹಿಂದೆ ಪೋಸ್ಟಿನಲ್ಲಿ ತರಿಸುವ ಬೆಲ್ ಬಾಟಮ್ ಪ್ಯಾಂಟಿನ ಜಾಹೀರಾತು, ಯಾರೋ ಕೂಪನ್ ಕತ್ತರಿಸಿಕೊಂಡಿದ್ದಾರೆ, ಸೊಂಟದ ಅಳತೆ ಬರೆಯುವ ಜಾಗದ ಅರ್ಧ ಇನ್ನೂ ಉಳಿದಿದೆ. ಅದನ್ನು ಮಾತ್ರ ಯಾರಿಗೂ ಕೊಡುವುದಿಲ್ಲ.