ಸಾವಿರಾರು ಲೇಖನ ಬಂದರೆ ಏನು ಮಾಡೋದು?

ಪ್ರಶ್ನೆ: ಬರವಣಿಗೆ ಕೋರ್ಸ್‌ಗೆ ಸೋಶಿಯಲ್ ಮೀಡಿಯಾ ಬಗ್ಗೆ ಪ್ರಬಂಧ ಬರೆಯಬೇಕು. ಲೈಬ್ರರಿ ಡೇಟಾಬೇಸ್‌ನಲ್ಲಿ ಹುಡುಕಿದರೆ ಸಾವಿರಾರು ಲೇಖನ ಬರುತ್ತವೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ವಿಷಯ ತೀರಾ ದೊಡ್ಡದಾಯಿತು, ಅದೇ ತೊಂದರೆ. ಹದಿಹರೆಯದವರ ನಿದ್ದೆಗೂ ಸೋಶಿಯಲ್ ಮೀಡಿಯಾಕ್ಕೂ ಏನು ಸಂಬಂಧ ಅಂತ ಚಿಕ್ಕದು ಮಾಡಿಕೊಳ್ಳಿ, ಜೋಡಿ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ, ಪೀರ್ ರಿವ್ಯೂ ಆದವು (ಅಂದರೆ ಅದೇ ಕ್ಷೇತ್ರದ ತಜ್ಞರು ಪರಿಶೀಲಿಸಿದವು) ಮಾತ್ರ ಸಾಕು ಅನ್ನೋ ಆಯ್ಕೆಯನ್ನೂ ಒತ್ತಿ. ಪಟ್ಟಿ ಎಷ್ಟೋ ಕಮ್ಮಿ ಆಗುತ್ತದೆ. ಆಮೇಲೆ ಒಂದೇ ಒಂದು ಒಳ್ಳೆ ಲೇಖನ ಸಿಕ್ಕರೂ ಸಾಕು: ಅದರ ಕೊನೆಯ ಆಕರ ಪಟ್ಟಿ ಹಿಡಿದು ಹಳೆಯದಕ್ಕೆ ಹೋಗಬಹುದು, ಸಂಶೋಧನಾ ಲೇಖನ ಹುಡುಕುವ ತಾಣ ಗೂಗಲ್ ಸ್ಕಾಲರ್‌ನಲ್ಲಿ 'ಸೈಟೆಡ್ ಬೈ' ಒತ್ತಿದರೆ ಅದನ್ನು ಉಲ್ಲೇಖಿಸಿದ ಹೊಸ ಲೇಖನಗಳೂ ಸಿಗುತ್ತವೆ. ಸುಮ್ನೆ ದುಡ್ಡು ಕೊಟ್ಟು ಲೇಖನ ಕೊಳ್ಳಬೇಡಿ. ಎಷ್ಟೋ ಸಲ ಲೈಬ್ರೇರಿಯನ್ನೇ ಬೇರೆ ಲೈಬ್ರರಿಯಿಂದ ತರಿಸಿಕೊಡುತ್ತಾರೆ. ಕೇಳೋಕೆ ಸಂಕೋಚ ಯಾಕೆ, ಅವರ ಕೆಲಸವೇ ಅದು ಅಲ್ವಾ?