ಲಾಂಛನದ ಒಡೆಯರು ಯಾರು?

ಪ್ರಶ್ನೆ: ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಹಲಸಿನ ಹಪ್ಪಳವನ್ನೂ ತಯಾರಿಸಿ ಮಾರುತ್ತಿದ್ದೇವೆ. ಲಾಂಛನ, ಲೇಬಲ್, ಬಣ್ಣ, ಅಕ್ಷರಶೈಲಿ ಎಲ್ಲವನ್ನೂ ಒಟ್ಟಾಗಿ ರೂಪಿಸಿಕೊಡಲು ಬೆಂಗಳೂರಿನ ವಿನ್ಯಾಸಕರೊಬ್ಬರು ಅರವತ್ತು ಸಾವಿರ ರೂಪಾಯಿ ಕೇಳುತ್ತಿದ್ದಾರೆ. ಊರಿನ ಡಿಟಿಪಿ ಅಂಗಡಿಯವರು ಎರಡು ಸಾವಿರಕ್ಕೇ ಲೋಗೊ ಮಾಡಿಕೊಡುತ್ತೇವೆ ಎನ್ನುತ್ತಾರೆ. ಯಾರಿಗೆ ಒಪ್ಪಿಸುವುದು ಒಳ್ಳೆಯದು?
– ಓದುಗರೊಬ್ಬರು, ಶಿರಸಿ

ಉತ್ತರ: ದರಕ್ಕಿಂತ ಮೊದಲು ಇಬ್ಬರನ್ನೂ ಕೇಳಬೇಕಾದ ಮಾತು ಬೇರೆಯಿದೆ: ಕೆಲಸ ಮುಗಿದ ಮೇಲೆ ಲಾಂಛನದ ಹಕ್ಕು ಯಾರದು? ಹಣ ಕೊಟ್ಟವರದ್ದೇ ಎಂದು ಬಹಳ ಮಂದಿ ನಂಬಿರುತ್ತಾರೆ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನಿಮ್ಮ ಸಂಬಳದ ನೌಕರರಲ್ಲದ ವಿನ್ಯಾಸಕರು ರಚಿಸಿದ ಲಾಂಛನದ ಮೊದಲ ಹಕ್ಕು ಸಾಮಾನ್ಯವಾಗಿ ಅವರದೇ ಆಗಿರುತ್ತದೆ. ಅದು ನಿಮಗೆ ಬರಬೇಕಾದರೆ ಅವರು ಸಹಿ ಮಾಡಿದ ಹಸ್ತಾಂತರ ಪತ್ರ ಬೇಕು. ಆ ಪತ್ರದಲ್ಲಿ ಅವಧಿಯನ್ನು ಬರೆಯದಿದ್ದರೆ ಹಕ್ಕು 5 ವರ್ಷಕ್ಕೆ ಮಾತ್ರ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆ ಭಾವಿಸುತ್ತದೆ. ಮುಂದೆ ದುಬೈಗೋ ಅಮೆರಿಕಕ್ಕೋ ಉಪ್ಪಿನಕಾಯಿ ಕಳುಹಿಸುವ ಯೋಚನೆಯಿದ್ದರೆ ಈ ಎರಡು ಸಾಲುಗಳನ್ನು ಈಗಲೇ ಬರೆಸಿಕೊಳ್ಳಿ.

ಹೆಸರಿನ ರಕ್ಷಣೆ ಇದಕ್ಕಿಂತ ಬೇರೆಯದು. ಅದಕ್ಕೆ ಟ್ರೇಡ್‌ಮಾರ್ಕ್ ನೋಂದಣಿ ಬೇಕು. ವ್ಯಕ್ತಿಗಳು ಮತ್ತು ಸಣ್ಣ ಉದ್ದಿಮೆಗಳು ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಸರಕುಗಳ ಪ್ರತಿ ವರ್ಗಕ್ಕೆ 4,500 ರೂಪಾಯಿ ಶುಲ್ಕವಿದ್ದು, ನೋಂದಣಿಯನ್ನು 10 ವರ್ಷಕ್ಕೊಮ್ಮೆ ನವೀಕರಿಸಬೇಕು. ಉಪ್ಪಿನಕಾಯಿ 29ನೇ ವರ್ಗದಲ್ಲೂ ಹಪ್ಪಳ ಸಾಮಾನ್ಯವಾಗಿ 30ನೇ ವರ್ಗದಲ್ಲೂ ಬರುವುದರಿಂದ ನಿಮಗೆ ಎರಡು ಶುಲ್ಕಗಳ ಲೆಕ್ಕ. ‘ಶಿರಸಿ ಹಪ್ಪಳ’ ಎಂಬಂತೆ ಊರನ್ನೂ ಪದಾರ್ಥವನ್ನೂ ಮಾತ್ರ ಹೇಳುವ ಹೆಸರಿಗೆ ನೋಂದಣಿ ಸಿಗುವುದು ಕಷ್ಟ. ಅಪ್ಪೆಮಿಡಿಗಂತೂ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ಸಿಗುವ ಭೌಗೋಳಿಕ ಸೂಚಕದ ಮಾನ್ಯತೆಯಿರುವುದರಿಂದ ಅದನ್ನು ಒಬ್ಬರೇ ತಮ್ಮದಾಗಿಸಿಕೊಳ್ಳಲಾಗದು. ಆದ್ದರಿಂದ ಚಿತ್ರಕ್ಕೆ ಹಣ ಸುರಿಯುವ ಮೊದಲು ಹೆಸರನ್ನು ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ಜಾಲತಾಣದಲ್ಲಿ ಹುಡುಕಿ ನೋಡಿ.

ಇನ್ನು ವಿನ್ಯಾಸದ ಗುಣ. ಉಪ್ಪಿನಕಾಯಿ, ಹಪ್ಪಳ, ಅಪ್ಪೆಮಿಡಿ: ಮೂರರಲ್ಲೂ ಪಕಾರದ ಒತ್ತಿರುವುದನ್ನು ಗಮನಿಸಿದ್ದೀರಾ? ಇಂಗ್ಲಿಷ್ ಅಕ್ಷರಗಳ ಅಳತೆಯಲ್ಲೇ ಸಾಲುಗಳನ್ನು ಜೋಡಿಸುವವರ ಕೈಯಲ್ಲಿ ಈ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ, ಇಲ್ಲವೇ ಸಣ್ಣ ಲೇಬಲ್ಲಿನಲ್ಲಿ ಮಸಿಯ ಚುಕ್ಕೆಯಾಗಿಬಿಡುತ್ತದೆ. ಇಬ್ಬರೂ ಹಿಂದೆ ಮಾಡಿದ ಕನ್ನಡದ ಲೇಬಲ್ಲುಗಳನ್ನು ಕೇಳಿ ಪಡೆದು, ಡಬ್ಬಿಯ ಅಳತೆಯಲ್ಲೇ ಮುದ್ರಿಸಿ ನೋಡಿರಿ. ಒಂದೇ ಬಣ್ಣದಲ್ಲಿ, ರಬ್ಬರ್ ಮೊಹರಿನಷ್ಟು ಚಿಕ್ಕದಾಗಿಯೂ ಲಾಂಛನ ಗುರುತು ಸಿಗಬೇಕು. ರಟ್ಟಿನ ಪೆಟ್ಟಿಗೆಯ ಮೇಲೆ ಹೊಳೆಯುವ ಚಿನ್ನದ ಛಾಯೆ ಉಳಿಯುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಈ ಹಂತದಲ್ಲಿ ಅರವತ್ತು ಸಾವಿರದ ಕಟ್ಟು ನಿಮಗೆ ಬೇಕಿಲ್ಲ. ಇಂಥ ಕಟ್ಟಿನ ಜೊತೆ ಕೊಡುವ, ಲಾಂಛನ-ಬಣ್ಣಗಳನ್ನು ಹೇಗೆ ಬಳಸಬೇಕೆಂದು ತಿಳಿಸುವ ನಲವತ್ತು ಪುಟದ ಮಾರ್ಗಸೂಚಿಯನ್ನು ತೆರೆದು ನೋಡುವವರು ನಿಮ್ಮಲ್ಲಿ ಯಾರೂ ಇರಲಾರರು. ಲಾಂಛನ ಮತ್ತು ಎರಡು ಲೇಬಲ್ಲುಗಳಿಗಷ್ಟೇ ದರ ಕೇಳಿ. ಯಾರಿಗೇ ಒಪ್ಪಿಸಿದರೂ, ಎಷ್ಟು ಹಿಗ್ಗಿಸಿದರೂ ಒಡೆಯದ ವೆಕ್ಟರ್ ಮೂಲ ಕಡತಗಳೂ ಹಸ್ತಾಂತರ ಪತ್ರವೂ ಕೈಸೇರಿದ ಮೇಲೆಯೇ ಕೊನೆಯ ಕಂತನ್ನು ಪಾವತಿಸಿರಿ.