ನಕ್ಷೆಯಲ್ಲಿ ಕಾಡುಪಾಪ ಕೆರೆ ನಡುವೆ ಕೂತಿದೆ, ಯಾಕೆ?

ಪ್ರಶ್ನೆ: ಮಗ ನನ್ನ ಮೊಬೈಲಿಗೆ ಐನ್ಯಾಚುರಲಿಸ್ಟ್ ಹಾಕಿಕೊಟ್ಟಿದ್ದಾನೆ. ಜನ ತಾವು ಕಂಡ ಗಿಡ, ಪ್ರಾಣಿಗಳ ಫೋಟೊ ಹಾಕುವ ಆ್ಯಪ್ ಅದು, ಕಂಡ ಜಾಗ ನಕ್ಷೆಯಲ್ಲಿ ಚುಕ್ಕೆಯಾಗಿ ಕಾಣುತ್ತದೆ. ನಮ್ಮ ಸುತ್ತಲಿನ ನಕ್ಷೆ ತೆರೆದರೆ ಕಾಡುಪಾಪದ ಗುರುತು ಕೆರೆ ನೀರಿನ ನಡುವೆ ಇದೆ! ನಮ್ಮ ಹಳ್ಳಿಯಲ್ಲಿ ಮಾತ್ರ ಒಂದು ಚುಕ್ಕೆಯೂ ಇಲ್ಲ. ಈ ನಕ್ಷೆಯನ್ನು ನಂಬಬಹುದಾ?
(ಓದುಗರೊಬ್ಬರು, ತುಮಕೂರು ತಾಲ್ಲೂಕು)

ಉತ್ತರ: ನಂಬಬಹುದು. ಆದರೆ ಅದನ್ನು ಓದುವ ಬಗೆ ಗೊತ್ತಿರಬೇಕು.

ಮೊದಲು ಕಾಡುಪಾಪದ ವಿಷಯ. ಅದರ ಜಾಗವನ್ನು ಬೇಕೆಂದೇ ಮರೆಮಾಡಿದ್ದಾರೆ. ಅಳಿವಿನ ಭಯ ಇರುವ ಜೀವಿಗಳು ಸರಿಯಾಗಿ ಎಲ್ಲಿ ಕಂಡವು ಅನ್ನುವುದನ್ನು ಐನ್ಯಾಚುರಲಿಸ್ಟ್ ಎಲ್ಲರಿಗೂ ತೋರಿಸುವುದಿಲ್ಲ. ನೆಲವನ್ನು 0.2 ಡಿಗ್ರಿಯ ಚೌಕಗಳಾಗಿ ಮಾಡಿಕೊಂಡು, ಆ ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕೆ ಇಡುತ್ತದೆ. ನಮ್ಮ ಕಡೆ ಚೌಕದ ಒಂದು ಬದಿ ಸುಮಾರು 22 ಕಿಲೋಮೀಟರ್. ಹಾಗಾಗಿ ಚುಕ್ಕೆ ಕೆರೆಗೂ ಬೀಳಬಹುದು, ಬಸ್ ಸ್ಟ್ಯಾಂಡಿಗೂ ಬೀಳಬಹುದು. ವೆಬ್‌ಸೈಟಿನ ನಕ್ಷೆಯಲ್ಲಿ ಇದನ್ನು ಪತ್ತೆಹಚ್ಚುವುದು ಸುಲಭ. ಗುರುತಿನ ಕೆಳಗೆ ಮೊನೆ ಇದ್ದರೆ ಜಾಗ ಬಚ್ಚಿಟ್ಟಿಲ್ಲ, ಬರೀ ದುಂಡಗಿದ್ದರೆ ಬಚ್ಚಿಟ್ಟಿದ್ದಾರೆ. ಇದು ಒಳ್ಳೆಯದೇ. ಮಾಟಮಂತ್ರಕ್ಕೆ, ನಾಟಿ ಔಷಧಿಗೆ ಅಂತ ಈ ಬಡಪಾಯಿಯನ್ನು ಹಿಡಿಯುವವರಿದ್ದಾರೆ. ರಾತ್ರಿ ಟಾರ್ಚ್ ಬಿಟ್ಟು ಕಣ್ಣು ಕುಕ್ಕಿಸುವ ಫೋಟೊ ಹುಚ್ಚಿನವರೂ ಕಡಿಮೆ ಏನಿಲ್ಲ.

ಇನ್ನು ನಿಮ್ಮ ಹಳ್ಳಿ. ಚುಕ್ಕೆ ಇಲ್ಲ ಅಂದರೆ ಅಲ್ಲಿಗೆ ಕ್ಯಾಮೆರಾ ಹಿಡಿದು ಯಾರೂ ಬಂದಿಲ್ಲ ಅಂತ, ಅಷ್ಟೇ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಚುಕ್ಕೆಗಳು ಕಿಕ್ಕಿರಿದಿರುವುದೂ ಇದೇ ಕಾರಣಕ್ಕೆ. ಚಿಟ್ಟೆಗಳೆಲ್ಲ ಅಲ್ಲೇ ಸೇರಿಕೊಂಡಿವೆ ಅಂತಲ್ಲ, ನೋಡುವವರು ಅಲ್ಲಿ ಜಾಸ್ತಿ.

ಹಕ್ಕಿಗಳ ಮಟ್ಟಿಗೆ ನಾನು ಇಬರ್ಡ್ ನೋಡುತ್ತೇನೆ, ಹಕ್ಕಿ ನೋಡುವವರು ತಾವು ಕಂಡಿದ್ದನ್ನು ದಾಖಲಿಸುವ ತಾಣ ಅದು. ಅದರಲ್ಲಿ ಒಂದೊಂದು ಹಕ್ಕಿಯ ಫೋಟೊಗಿಂತ, ಆ ಹೊತ್ತು ಕಂಡ ಕೇಳಿದ ಎಲ್ಲ ಹಕ್ಕಿಗಳ ಪಟ್ಟಿ ಮುಖ್ಯ. ಆದ್ದರಿಂದ ಏನು ಕಾಣಲಿಲ್ಲ ಅನ್ನುವುದೂ ಸ್ವಲ್ಪ ಮಟ್ಟಿಗೆ ತಿಳಿಯುತ್ತದೆ.

ನಕ್ಷೆಯ ನಿಜವಾದ ಮಜಾ ಇರುವುದು ತಿಂಗಳು ಬದಲಾಯಿಸಿ ನೋಡುವುದರಲ್ಲಿ. ಇಡೀ ಜಿಲ್ಲೆ ಆರಿಸಿಕೊಂಡು ಫೆಬ್ರವರಿ, ಮಾರ್ಚ್ ಹಾಕಿ ಮುತ್ತುಗ ಹುಡುಕಿ, ಹೂಬಿಟ್ಟ ಮರಗಳ ಫೋಟೊ ಸಿಗುತ್ತವೆ. ಬೂದು ಸಿಪಿಲೆ ಹಕ್ಕಿಯನ್ನು ಹುಡುಕಿದರೆ ಮೇ, ಜೂನ್ ಖಾಲಿ ಹೊಡೆಯುತ್ತದೆ. ಅದು ಚಳಿಗಾಲದ ಅತಿಥಿ ಅಲ್ವಾ! ಐನ್ಯಾಚುರಲಿಸ್ಟ್‌ನ ಫೋಟೊಗೆ ಕೊಟ್ಟ ಹೆಸರಿನ ಬಗ್ಗೆ ಅನುಮಾನ ಬಂದರೆ 'ರಿಸರ್ಚ್ ಗ್ರೇಡ್' ಅನ್ನುವ ಗುರುತು ಇದೆಯೇ ನೋಡಿ. ಹೆಸರು ಸೂಚಿಸಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನ ಒಪ್ಪಿದರೆ ಮಾತ್ರ ಅದು ಸಿಗುತ್ತದೆ. ಆದರೂ ಒಪ್ಪಿದವರು ಇಬ್ಬರೇ ಆಗಿರಬಹುದು, ಪೂರ್ತಿ ನೆಚ್ಚಿಕೊಳ್ಳಬೇಡಿ.

ನಿಮ್ಮ ಹಳ್ಳಿಯ ಮೊದಲ ಚುಕ್ಕೆ ನೀವೇ ಹಾಕಬಹುದು. ಬೇಲಿ ಮೇಲಿನ ಓತಿಕ್ಯಾತ ಸಾಕು. ಹಿತ್ತಲಲ್ಲಿ ನೆಟ್ಟ ಮಾವು, ದಾಸವಾಳಕ್ಕೆ ಮಾತ್ರ 'ಬೆಳೆಸಿದ್ದು' ಅಂತ ಗುರುತು ಹಾಕಿ. ಇಲ್ಲದಿದ್ದರೆ ತಾನಾಗೇ ಬೆಳೆದ ಗಿಡಗಳ ಜೊತೆ ಸೇರಿಕೊಳ್ಳುತ್ತವೆ. ಮನೆ ಅಂಗಳದಲ್ಲೇ ತೆಗೆದ ಫೋಟೊ ಆದರೆ, ಹಾಕುವ ಮುಂಚೆ ಜಾಗ ಮರೆಮಾಡುವ ಆಯ್ಕೆಯನ್ನು ಒತ್ತಿ. ಮನೆ ವಿಳಾಸ ಊರಿಗೆಲ್ಲ ಯಾಕೆ ಗೊತ್ತಾಗಬೇಕು?